ಮುಂದಿನ ಆಕ್ಸಲ್ 120 ಮಿ.ಮೀ. ಕಿರಿದು ಮಾಡಬೇಕಾ? 80 ಸಾಕು, ಅದೂ ಒಂದೇ ಕಡೆ

ಪ್ರಶ್ನೆ: ನಮ್ಮದು ಮುಂಡರಗಿ ಕಡೆ ಹೊಲ. ನನ್ನ 4x4 ಪಿಕಪ್‌ಗೆ ಮುಂದೆ ಟಾರ್ಷನ್ ಬಾರ್‌ನ ಇಂಡಿಪೆಂಡೆಂಟ್ ಸಸ್ಪೆನ್ಷನ್ ಇದೆ. ಬಾಲ್ ಜಾಯಿಂಟ್, ಸಿವಿ ಬೂಟ್ ಬದಲಿಸಿ ಬದಲಿಸಿ ಸಾಕಾಗಿದೆ. ಹುಬ್ಬಳ್ಳಿಯ ಗುಜರಿಯಲ್ಲಿ ಹಳೆ 4x4 ಗಾಡಿಯ ಗಟ್ಟಿ ಆಕ್ಸಲ್ ಸಿಕ್ಕಿದೆ. ಅದನ್ನು ಲೀಫ್ ಪ್ಲೇಟ್ ಮೇಲೆ ಕೂರಿಸಬೇಕು ಅಂತ ಇದ್ದೇನೆ. ರಿಮ್ ಕೂರುವ ಹಬ್ ಮುಖದಿಂದ ಮುಖಕ್ಕೆ ಅದರ ಅಗಲ 1560 ಮಿ.ಮೀ. ಈಗ ಗಾಡಿಯಲ್ಲಿ ಮುಂದೆ 1440, ಹಿಂದೆ 1400 ಇದೆ. ಹೊಸ ಆಕ್ಸಲ್‌ನ ಡಿಫರೆನ್ಷಿಯಲ್ (ಎರಡೂ ಗಾಲಿಗೆ ಶಕ್ತಿ ಹಂಚುವ ಗೇರ್ ಉಂಡೆ) ಬಲಗಡೆ. ಪ್ಲೇಟ್ ಕೂರುವ ಎರಡು ಪ್ಯಾಡ್‌ಗಳ ನಡುವೆ, ಸೆಂಟರ್‌ನಿಂದ ಸೆಂಟರ್‌ಗೆ, 820. ಬಲಗಡೆ ಪ್ಯಾಡ್ ಹೌಸಿಂಗ್ (ಆಕ್ಸಲ್ ಹೊರ ಕವಚ) ಜೊತೆಗೇ ಎರಕ ಹೊಯ್ದಿದ್ದು. ಸ್ಟೀರಿಂಗ್ ತಿರುಗಿಸಿದಾಗ ಗಾಲಿ ತಿರುಗುವ ಕೀಲು, ಅಂದರೆ ಕಿಂಗ್ ಪಿನ್, ಹಬ್ ಮುಖದಿಂದ 130 ಒಳಗಿದೆ. ಚಾಸಿಯ ಹೊರ ಅಗಲ 800, ಪಟ್ಟಿ 60, ಲೀಫ್ ಪ್ಲೇಟ್ ಅಗಲವೂ 60. ಟೈರ್ 235/75 ಆರ್15, ರಿಮ್ ಸೊನ್ನೆ ಆಫ್‌ಸೆಟ್, ಅಂದರೆ ಟೈರಿನ ನಡು ಹಬ್ ಮುಖದ ನೇರಕ್ಕೇ ಇದೆ. ನಮ್ಮ ಮಿಸ್ತ್ರಿ ಎರಡೂ ಕಡೆ 60-60 ಕತ್ತರಿಸಿ, ಟ್ಯೂಬ್ ನಡುವೆ ವೆಲ್ಡ್ ಮಾಡಿ, ಶಾಫ್ಟನ್ನೂ ಹಾಗೇ ಬೆಸೆಯೋಣ ಅಂತಾನೆ. ಮಾಡಿಸಬಹುದಾ?

ಉತ್ತರ: ಹಾಗೆ ಮಾಡಿಸಬೇಡಿ. ಆಕ್ಸಲ್ ಕಿರಿದು ಮಾಡುವುದೇ ತಪ್ಪು ಅಂತಲ್ಲ. ಆ 120 ಎಂಬ ಲೆಕ್ಕ ತಪ್ಪು, ಕತ್ತರಿಸುವ ಜಾಗ ತಪ್ಪು, ಶಾಫ್ಟ್ ಬೆಸೆಯುವುದಂತೂ ಜೀವಕ್ಕೇ ಅಪಾಯ. ನೀವು ಅಳತೆಯನ್ನೆಲ್ಲ ಸರಿಯಾಗಿ ಕೊಟ್ಟಿದ್ದೀರಿ, ಅದಕ್ಕೆ ಖುಷಿಯಾಯಿತು. ಹೆಚ್ಚಿನವರು "ಸ್ವಲ್ಪ ಅಗಲ ಇದೆ, ಏನು ಮಾಡೋದು" ಅಂತಷ್ಟೇ ಕೇಳುತ್ತಾರೆ. ನಿಮ್ಮ ಅಳತೆ ಇಟ್ಟುಕೊಂಡೇ ಲೆಕ್ಕ ಹಾಕೋಣ.

ಮೊದಲು ಮಿಸ್ತ್ರಿಯ ಪ್ಲಾನ್ ನೋಡಿ. ಬಲಗಡೆ ಪ್ಯಾಡ್ ಎರಕದ್ದು, ಅದನ್ನು ಸರಿಸಲು ಬರುವುದಿಲ್ಲ. ಈಗ ಬಲ ಹಬ್ ಮುಖದಿಂದ ಆ ಪ್ಯಾಡ್‌ನ ಸೆಂಟರ್‌ಗೆ ಎಷ್ಟು? 1560ರ ಅರ್ಧ 780, ಅದರಲ್ಲಿ 410 ಕಳೆದರೆ 370. ಪ್ಲೇಟ್ ಅಗಲ 60 ಅಂದಮೇಲೆ ಅದರ ಹೊರ ಅಂಚು ಹಬ್ ಮುಖದಿಂದ 340 ಒಳಗೆ. ನಿಮ್ಮ ಟೈರಿನ ಅರೆವ್ಯಾಸ ಸುಮಾರು 367. ಸ್ಟೀರಿಂಗ್ ಪೂರ್ತಿ ತಿರುಗಿಸಿ ಗಾಲಿ 30 ಡಿಗ್ರಿ ತಿರುಗಿತು ಅಂದುಕೊಳ್ಳಿ. ಸೊನ್ನೆ ಆಫ್‌ಸೆಟ್ ರಿಮ್‌ನಲ್ಲಿ ಟೈರಿನ ಒಳ ಅಂಚು ಹಬ್ ಮುಖದಿಂದ ಸುಮಾರು 303 ಒಳಗೆ ಬರುತ್ತದೆ. 340 ಮತ್ತು 303, ನಡುವೆ 37 ಮಿ.ಮೀ. ಜಾಗ. ಇದು ಸಾಕು. ಈಗ ಬಲಗಡೆ 60 ಕತ್ತರಿಸಿ. ಪ್ಲೇಟಿನ ಅಂಚು 280ಕ್ಕೆ ಬಂತು, ಟೈರ್ ಮಾತ್ರ ಅದೇ 303ಕ್ಕೆ ಬರುತ್ತದೆ. ಅಂದರೆ ಟೈರ್ ಹೋಗಿ ಪ್ಲೇಟಿಗೇ ತಿಕ್ಕುತ್ತದೆ. ಗಾಡಿ ತಿರುಗಿಸಲು ಎರಡು ಸಲ ಹಿಂದೆ ಮುಂದೆ ಮಾಡಬೇಕು, ಇಲ್ಲವೇ ಟೈರಿನ ಒಳಗೋಡೆ ಹರಿಯುತ್ತದೆ. ಅಷ್ಟೇ ಅಲ್ಲ. ಎಡಗಡೆಯೂ ಅಷ್ಟೇ ಕತ್ತರಿಸಿದ್ದರಿಂದ ಪ್ಯಾಡ್‌ಗಳ ನಡುವಿನ 820 ಹಾಗೇ ಉಳಿಯಿತು. ನಿಮ್ಮ ಚಾಸಿ ಪಟ್ಟಿಗಳ ಸೆಂಟರ್ 740. ಪ್ರತಿ ಕಡೆ ಪ್ಲೇಟ್ 40 ಹೊರಗೆ ನೇತಾಡುತ್ತದೆ, ಪ್ಲೇಟ್ ತುದಿಯನ್ನು ಚಾಸಿಗೆ ಹಿಡಿಯುವ ಹ್ಯಾಂಗರ್ ಮೇಲೆ ಸದಾ ತಿರುಚುವ ಭಾರ. ಇಷ್ಟು ಕೆಲಸ ಮಾಡಿ ಕೊನೆಗೆ ಸಿಗುವುದು ಇದಾ?

ಹಾಗಾದರೆ ಎಡಗಡೆ ಒಂದೇ ಕಡೆ ಕತ್ತರಿಸಿದರೆ? ಡಿಫರೆನ್ಷಿಯಲ್ ಬಲಕ್ಕೆ ಇರುವುದರಿಂದ ಉದ್ದದ ಟ್ಯೂಬ್ ಎಡಗಡೆ. ಅಲ್ಲಿ ಕತ್ತರಿಸಲು ಜಾಗ ಇದೆ, ಪ್ಯಾಡ್ ಕೂಡ ಬೇರೆ ಕಡೆ ಬೆಸೆಯಬಹುದು. ಎಡಕ್ಕೆ 80 ಕತ್ತರಿಸಿ ಅಂದುಕೊಳ್ಳಿ. ಒಟ್ಟು ಅಗಲ 1480. ಅರ್ಧ 740. ಬಲ ಪ್ಯಾಡ್ ಹಬ್‌ನಿಂದ 370ರಲ್ಲೇ ಇದೆ, ಅಂದರೆ ಗಾಡಿಯ ಸೆಂಟರ್‌ನಿಂದಲೂ 370. ಎಡ ಪ್ಯಾಡನ್ನೂ 370ಕ್ಕೆ ಬೆಸೆದರೆ ನಡುವೆ 740. ನಿಮ್ಮ ಚಾಸಿ ಸೆಂಟರ್ ಕೂಡ 740! ಪ್ಲೇಟ್ ನೇರವಾಗಿ ಪಟ್ಟಿಯ ಕೆಳಗೆ ಕೂರುತ್ತದೆ. 120 ಕತ್ತರಿಸಿದರೆ ಇದೇ ಲೆಕ್ಕದಲ್ಲಿ 700 ಆಗುತ್ತದೆ, ಪ್ಲೇಟ್ ಚಾಸಿಯ ಒಳಗೆ ಸರಿಯುತ್ತದೆ, ಇಳಿಜಾರಿನಲ್ಲಿ ಗಾಡಿ ಹೊಯ್ದಾಡುವುದೂ ಜಾಸ್ತಿ. ಕಪ್ಪತಗುಡ್ಡದ ಅಂಚಿನ ಹಾದಿಯಲ್ಲಿ ಓಡಿಸುವವರಿಗೆ ಅದು ಬೇಡವೇ ಬೇಡ.

ಉಳಿದ 40 ಎಲ್ಲಿ ಹೋಯಿತು ಅಂತ ಕೇಳುತ್ತೀರಿ ಅಲ್ವಾ? ಅದನ್ನು ರಿಮ್ ನೋಡಿಕೊಳ್ಳುತ್ತದೆ. ಪ್ಲಸ್ 20 ಆಫ್‌ಸೆಟ್ ರಿಮ್ ಹಾಕಿದರೆ ಪ್ರತಿ ಟೈರ್ 20 ಒಳಗೆ ಬರುತ್ತದೆ. 1480ರಲ್ಲಿ 40 ಹೋದರೆ ಟೈರ್ ಸೆಂಟರ್‌ಗಳ ನಡುವೆ 1440, ಈಗಿರುವಷ್ಟೇ. ಇದರಲ್ಲಿ ಇನ್ನೊಂದು ಲಾಭ ಇದೆ. ಟೈರ್ ಕಿಂಗ್ ಪಿನ್‌ಗೆ ಹತ್ತಿರ ಬಂದಷ್ಟೂ ಕಲ್ಲಿಗೆ ಗಾಲಿ ಬಡಿದಾಗ ಸ್ಟೀರಿಂಗ್ ಕೈಗೆ ಹೊಡೆಯುವುದು ಕಡಿಮೆ. ಸ್ಪೇಸರ್ ಹಾಕಿ ಅಗಲ ಮಾಡಿಕೊಂಡವರಿಗೆ ಇದರ ಉಲ್ಟಾ ಅನುಭವ ಆಗಿರುತ್ತದೆ, ಬೇರಿಂಗ್ ಕೂಡ ಬೇಗ ಹೋಗುತ್ತದೆ. ಆದರೆ ರಿಮ್ ಒಳಗೆ ಬಂದಾಗ ಆ 37ರ ಜಾಗ ಸುಮಾರು 20ಕ್ಕೆ ಇಳಿಯುತ್ತದೆ. ಹಾಗಾಗಿ ನಕಲ್ (ಕಿಂಗ್ ಪಿನ್ ಮೇಲೆ ಗಾಲಿಯ ಜೊತೆ ತಿರುಗುವ ಭಾಗ) ಮೇಲಿರುವ ಸ್ಟಾಪ್ ಬೋಲ್ಟನ್ನು 30 ಡಿಗ್ರಿಗಿಂತ ಜಾಸ್ತಿ ಬಿಡಬೇಡಿ. ಇಷ್ಟು ಬಿಗಿ ಬೇಡ ಅನಿಸಿದರೆ ಈಗಿರುವ ರಿಮ್ಮನ್ನೇ ಇಟ್ಟುಕೊಳ್ಳಿ, ಮುಂದೆ 1480 ಇರಲಿ, ಮಡ್‌ಗಾರ್ಡ್ ಸ್ವಲ್ಪ ಅಗಲ ಮಾಡಿಸಿ. ಅದೂ ಸರಿಯಾದ ದಾರಿಯೇ.

ಮುಂದೆ ಹಿಂದೆ ಒಂದೇ ಅಗಲ ಇರಲೇಬೇಕು ಅಂತ ಕೆಲವರು ಹಟ ಹಿಡಿಯುತ್ತಾರೆ. ಇರಬೇಕಿಲ್ಲ. ನಿಮ್ಮ ಗಾಡಿ ಫ್ಯಾಕ್ಟರಿಯಿಂದಲೇ 40 ಫರಕಿನಲ್ಲಿ ಬಂದಿದೆ. ಮಾರುತಿ ಜಿಪ್ಸಿಯನ್ನು 1993ರಲ್ಲಿ ಅಗಲ ಮಾಡಿದಾಗ ಮುಂದಿನ ಗಾಲಿಗಳ ನಡುವಿನ ಅಂತರ 1210ರಿಂದ 1300ಕ್ಕೆ, ಹಿಂದಿನದು 1220ರಿಂದ 1310ಕ್ಕೆ ಹೋಯಿತು. ಎರಡಕ್ಕೂ ಸಮನಾಗಿ 90 ಸೇರಿಸಿದರು, ನಡುವಿನ 10ರ ಫರಕು ಹಾಗೇ ಬಿಟ್ಟರು. ನಮ್ಮ ಎರೆ ಹೊಲದಲ್ಲಿ ಮಾತ್ರ ಒಂದು ಮಾತು ಇದೆ. ಮಳೆಗಾಲದಲ್ಲಿ ಮುಂದಿನ ಗಾಲಿ ಒತ್ತಿದ ಜಾಡಿನಲ್ಲೇ ಹಿಂದಿನ ಗಾಲಿ ಬಂದರೆ ಎಂಜಿನ್‌ಗೆ ಹಗುರ. ಪ್ರತಿ ಕಡೆ 20 ಫರಕು ಇದ್ದರೆ 235 ಅಗಲದ ಟೈರ್ ಹೆಚ್ಚುಕಡಿಮೆ ಅದೇ ಜಾಡಿನಲ್ಲಿ ಕೂರುತ್ತದೆ. 60-70 ಫರಕು ಮಾಡಿಕೊಂಡರೆ ಪ್ರತಿ ಗಾಲಿಯೂ ತನ್ನದೇ ಹೊಸ ಜಾಡು ಕೊರೆಯಬೇಕು.

ಒಂದೇ ಕಡೆ ಕತ್ತರಿಸಿದಾಗ ಡಿಫರೆನ್ಷಿಯಲ್ ಗಾಡಿಯ ನಡುವಿಗೆ ಸರಿಯುತ್ತದೆ, ಕತ್ತರಿಸಿದ್ದರ ಅರ್ಧದಷ್ಟು. ನಿಮಗೆ 40. ಎಂಜಿನ್ ಸಂಪ್ (ಕೆಳಗಿನ ಎಣ್ಣೆ ತೊಟ್ಟಿ) ಎಲ್ಲಿದೆ ನೋಡಿಕೊಳ್ಳಿ. ಪ್ಲೇಟ್ ಪೂರ್ತಿ ಒತ್ತಿಕೊಂಡು ಬಂಪ್ ಸ್ಟಾಪ್‌ಗೆ ತಾಗಿದಾಗಲೂ ಡಿಫ್ ಮತ್ತು ಸಂಪ್ ನಡುವೆ ಬೆರಳು ನಾಲ್ಕು ಇಡುವಷ್ಟು ಜಾಗ ಇರಬೇಕು. ಎಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲ್‌ಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಮುಂದಿನ ಔಟ್‌ಪುಟ್ ಕೂಡ ಬಲಗಡೆಯೇ ಇದೆಯಾ? ಇದನ್ನು ನೀವು ಬರೆದಿಲ್ಲ. ಅದು ಎಡಗಡೆ ಇದ್ದರೆ ಈ ಆಕ್ಸಲ್ ನಿಮ್ಮ ಗಾಡಿಗೆ ಆಗುವುದೇ ಇಲ್ಲ, ಗುಜರಿಗೆ ವಾಪಸ್ ಕೊಡಿ. ತಲೆಕೆಳಗೆ ಮಾಡಿ ಹಾಕೋಣ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಎಣ್ಣೆ ಸಿಗಬೇಕಾದ ಜಾಗಕ್ಕೆ ಸಿಗುವುದಿಲ್ಲ, ಗಾಲಿ ತಿರುಗುವ ದಿಕ್ಕೂ ಉಲ್ಟಾ ಆಗುತ್ತದೆ. ಕ್ರೌನ್ ಪಿನಿಯನ್ ರೇಷಿಯೋ ಹಿಂದಿನದರ ಜೊತೆ ಹೊಂದುತ್ತದಾ ಅಂತ ಹಲ್ಲು ಎಣಿಸಿ ನೋಡುವುದನ್ನೂ ಮರೆಯಬೇಡಿ.

ಈಗ ಮುಖ್ಯ ವಿಷಯ, ಶಾಫ್ಟ್. ನನ್ನ ಒಂದೇ ಕಟ್ಟುನಿಟ್ಟಿನ ಮಾತು ಏನೆಂದರೆ, ಶಾಫ್ಟ್ ಕೈಗೆ ಬರುವವರೆಗೆ ಹೌಸಿಂಗ್‌ಗೆ ಕಟರ್ ಹಚ್ಚಬೇಡಿ. ಎಲ್ಲರೂ ಮೊದಲು ಹೌಸಿಂಗ್ ಕತ್ತರಿಸಿ, ಆಮೇಲೆ ಶಾಫ್ಟ್ ಹುಡುಕಲು ಹೊರಡುತ್ತಾರೆ. ಆಗ ಬೇಕಾದ ಉದ್ದ ಎಲ್ಲೂ ಸಿಗುವುದಿಲ್ಲ, ಕೊನೆಗೆ ಬೆಸುಗೆಗೆ ಬಂದು ನಿಲ್ಲುತ್ತದೆ. ಉಲ್ಟಾ ಮಾಡಿ. ಅದೇ ಹಲ್ಲಿನ ಎಣಿಕೆ, ಅದೇ ದಪ್ಪ, ಅದೇ ಜಾಯಿಂಟ್ ಇರುವ, ಆದರೆ 80ರ ಆಸುಪಾಸು ಗಿಡ್ಡ ಇರುವ ಶಾಫ್ಟ್ ಅದೇ ಆಕ್ಸಲ್ ಬಳಸಿದ ಬೇರೆ ಮಾಡೆಲ್‌ನಲ್ಲಿ ಇದೆಯಾ ನೋಡಿ. 76 ಗಿಡ್ಡ ಸಿಕ್ಕಿತಾ? ಹಾಗಾದರೆ ಹೌಸಿಂಗನ್ನು 76 ಕತ್ತರಿಸಿ. 84 ಸಿಕ್ಕರೆ 84. ಪ್ಲೇಟ್ ಸೆಂಟರ್ ಎರಡು ಮಿ.ಮೀ. ಆಚೀಚೆ ಆದರೆ ಹ್ಯಾಂಗರ್‌ನಲ್ಲಿ ಸರಿಮಾಡಬಹುದು. ನಾಳೆ ಹೊಲದಲ್ಲಿ ಶಾಫ್ಟ್ ಮುರಿದರೆ ಅಂಗಡಿಯಿಂದ ರೆಡಿ ಶಾಫ್ಟ್ ತಂದು ಹಾಕಬಹುದು, ಅದರ ಬೆಲೆ ಏನು ಅಂತ ಮುರಿದ ದಿನ ಗೊತ್ತಾಗುತ್ತದೆ.

ರೆಡಿ ಸಿಗದಿದ್ದರೆ ಹೊಸದು ಮಾಡಿಸಿ. ಹುಬ್ಬಳ್ಳಿಯ ಗೋಕುಲ ರೋಡ್, ತಾರಿಹಾಳ ಕಡೆ ಒಳ್ಳೆ ಲೇತ್ ಕೆಲಸದವರು ಇದ್ದಾರೆ. ಇಎನ್24 ಸ್ಟೀಲ್ ತಂದು, ತಿರುವಿ, ಸ್ಪ್ಲೈನ್ ಹಲ್ಲು ಕೊರೆಸಿ, ಹೀಟ್ ಟ್ರೀಟ್‌ಮೆಂಟ್ ಮಾಡಿಸಬೇಕು. ಹೀಟ್ ಟ್ರೀಟ್‌ಮೆಂಟ್ ಬಿಟ್ಟು "ಸುಮ್ನೆ ಓಡ್ಸಿ, ಏನೂ ಆಗಲ್ಲ" ಅಂದರೆ ಹಣ ಕೊಡಬೇಡಿ. ಹಳೆ ಶಾಫ್ಟನ್ನೇ ಕತ್ತರಿಸಿ ತುದಿಗೆ ಹೊಸ ಹಲ್ಲು ಕೊರೆಯೋಣ ಅನ್ನುವವರೂ ಸಿಗುತ್ತಾರೆ. ವರ್ನಿಯರ್ ಹಿಡಿದು ನಿಮ್ಮ ಶಾಫ್ಟ್ ಅಳೆದು ನೋಡಿ. ಎಷ್ಟೋ ಶಾಫ್ಟ್‌ಗಳು ಹಲ್ಲಿನ ಹಿಂದೆ ಸಣ್ಣ ಆಗುತ್ತಾ ಹೋಗುತ್ತವೆ, ಅಲ್ಲಿ ಹೊಸ ಹಲ್ಲು ಕೊರೆಯುವಷ್ಟು ದಪ್ಪವೇ ಇರುವುದಿಲ್ಲ. ಇದ್ದರೂ ಗಟ್ಟಿ ಇರುವುದು ಮೇಲಿನ ಪದರ, ಒಳಗೆ ಮೆತ್ತಗೆ. ಮೇಲಿನದನ್ನು ಕೆರೆದು ಹಲ್ಲು ತೆಗೆದರೆ ಆ ಹಲ್ಲು ಮೊದಲ ಗುಂಡಿಯಲ್ಲೇ ತಿರುಚಿಕೊಳ್ಳುತ್ತದೆ. ಇನ್ನು ಎರಡು ತುಂಡು ಶಾಫ್ಟ್ ಬೆಸೆಯುವುದು... ಮುಂದಿನ ಗಾಲಿಯ ಶಾಫ್ಟ್ ಓಡುವಾಗ ಮುರಿದು ಸಿಕ್ಕಿಬಿದ್ದರೆ ಸ್ಟೀರಿಂಗೇ ಕೈಬಿಡಬಹುದು. ಮಿಸ್ತ್ರಿಗೆ ಎಷ್ಟೇ ಕೈ ಪಳಗಿರಲಿ, ಇದಕ್ಕೆ ಒಪ್ಪಬೇಡಿ.

ಹೌಸಿಂಗ್ ಎಲ್ಲಿ ಕತ್ತರಿಸಬೇಕು? ಟ್ಯೂಬಿನ ನಡುವೆ ಅಲ್ಲ, ತುದಿಯಲ್ಲಿ. ಕಿಂಗ್ ಪಿನ್ ಹಿಡಿಯುವ ಸಿ ಆಕಾರದ ತುದಿ ಟ್ಯೂಬಿನ ಮೇಲೆ ಒತ್ತಿ ಕೂತಿರುತ್ತದೆ, ಸುತ್ತ ಒಂದು ವೆಲ್ಡ್. ಆ ವೆಲ್ಡನ್ನು ಲೇತ್‌ನಲ್ಲಿ ಅಥವಾ ಗ್ರೈಂಡರ್‌ನಲ್ಲಿ ಕೆರೆದು, ಸಿ ತುದಿಯನ್ನು ಎಳೆದು ತೆಗೆದು, ಟ್ಯೂಬನ್ನು ಬೇಕಾದಷ್ಟು ಕತ್ತರಿಸಿ, ಮತ್ತೆ ಅದೇ ತುದಿಯನ್ನು ಒತ್ತಿ ಕೂರಿಸಬೇಕು. ಬೆಸುಗೆ ಫ್ಯಾಕ್ಟರಿ ಹಾಕಿದ ಜಾಗಕ್ಕೇ ಬರುತ್ತದೆ, ಟ್ಯೂಬ್ ಅಖಂಡ ಉಳಿಯುತ್ತದೆ. ನಡುವೆ ಕತ್ತರಿಸಿ ಸೇರಿಸಿದ ಹೌಸಿಂಗ್ ಒಂದನ್ನು ಹುಬ್ಬಳ್ಳಿಯ ಒಂದು ಗ್ಯಾರೇಜಿನಲ್ಲಿ ಬಿಚ್ಚಿ ಇಟ್ಟಿದ್ದನ್ನು ನೋಡಿದ್ದೇನೆ. ಹೊರಗಿನಿಂದ ವೆಲ್ಡ್ ಚೆಂದ ಇತ್ತು, ಪೇಂಟ್ ಹೊಳೆಯುತ್ತಿತ್ತು. ಒಳಗೆ ಆಸರೆಗೆ ಸ್ಲೀವ್ ಪೈಪ್ ಹಾಕಿರಲಿಲ್ಲ. ಟ್ಯೂಬಿಗೆ ಉದ್ದಕ್ಕೆ ದಾರ ಹಿಡಿದರೆ ಬೆಸುಗೆಯ ಜಾಗದಲ್ಲಿ ಬೆಳಕು ಕಾಣುತ್ತಿತ್ತು, ಅಷ್ಟು ಬಾಗಿತ್ತು. ಎಣ್ಣೆ ಸೀಲ್ ಒಂದೇ ಕಡೆ ಸವೆದು ಚಂದ್ರನ ಕಲೆಯ ಹಾಗೆ ಆಗಿತ್ತು.

ಸಿ ತುದಿ ಬಿಚ್ಚಿದಾಗ ಇನ್ನೊಂದು ಅವಕಾಶ ತಾನಾಗೇ ಸಿಗುತ್ತದೆ, ಕ್ಯಾಸ್ಟರ್, ಅಂದರೆ ಕಿಂಗ್ ಪಿನ್‌ನ ಮೇಲ್ತುದಿ ಹಿಂದಕ್ಕೆ ವಾಲಿರುವ ಕೋನ. ಪ್ಲೇಟ್ ಎತ್ತರ ಆದಾಗ ಪಿನಿಯನ್ ಮೂಗು (ಪ್ರೊಪೆಲ್ಲರ್ ಶಾಫ್ಟ್ ಸೇರುವ ಡಿಫ್‌ನ ತುದಿ) ಮೇಲೆ ಮಾಡಬೇಕಾಗುತ್ತದೆ, ಇಲ್ಲದಿದ್ದರೆ ಪ್ರೊಪೆಲ್ಲರ್ ಶಾಫ್ಟ್ ಜಾಯಿಂಟ್ ನಡುಗುತ್ತದೆ. ಮೂಗು ಮೇಲೆ ಮಾಡಿದಷ್ಟೂ ಕ್ಯಾಸ್ಟರ್ ಕಡಿಮೆಯಾಗಿ, ಗಾಡಿ ಹೆದ್ದಾರಿಯಲ್ಲಿ ಅಲೆದಾಡುತ್ತದೆ, ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ಎರಡರಲ್ಲಿ ಒಂದನ್ನು ಬಿಟ್ಟುಕೊಡಬೇಕು ಅಂತ ಎಲ್ಲರೂ ಒದ್ದಾಡುವುದು ಇದಕ್ಕೇ. ತುದಿ ಬಿಚ್ಚಿದ್ದರೆ ಪಿನಿಯನ್ ಬೇಕಾದಂತೆ ಇಟ್ಟು, ಸಿ ತುದಿಯನ್ನು ತಿರುಗಿಸಿ 4-5 ಡಿಗ್ರಿ ಕ್ಯಾಸ್ಟರ್ ಕೊಡಬಹುದು. ಆದರೆ ನೀವು ಒಂದು ಕಡೆ ಮಾತ್ರ ಬಿಚ್ಚುತ್ತಿದ್ದೀರಿ. ಕ್ಯಾಸ್ಟರ್ ಬದಲಿಸಬೇಕಿದ್ದರೆ ಬಲಗಡೆ ತುದಿಯ ವೆಲ್ಡನ್ನೂ ಕೆರೆದು ತಿರುಗಿಸಬೇಕು, ಅಲ್ಲಿ ಉದ್ದ ಕತ್ತರಿಸಬೇಕಿಲ್ಲ. ಎರಡೂ ಕಡೆ ಕಾಲು, ಅರ್ಧ ಡಿಗ್ರಿಯೊಳಗೆ ಹೊಂದಬೇಕು, ಇಲ್ಲದಿದ್ದರೆ ಗಾಡಿ ಒಂದು ಕಡೆ ಎಳೆಯುತ್ತದೆ. ಬಿಚ್ಚುವ ಮೊದಲೇ ಕೋನ ಅಳೆದು ಹೌಸಿಂಗ್ ಮೇಲೆ ಪಂಚ್ ಗುರುತು ಹಾಕಿ.

ಬೆಸೆಯುವಾಗ ಅಲೈನ್‌ಮೆಂಟ್ ಬಾರ್ ಇಲ್ಲದೆ ಕೆಲಸ ಶುರು ಮಾಡಬೇಡಿ. ಒಂದು ನೇರವಾದ ಗಟ್ಟಿ ಸಲಾಕೆ ಬೇಕು, 30 ಮಿ.ಮೀ. ದಪ್ಪದ ಗ್ರೌಂಡ್ ಬಾರ್ ಆದರೆ ಒಳ್ಳೆಯದು. ಡಿಫ್ ಬೇರಿಂಗ್ ಕೂರುವ ಎರಡು ಜಾಗಕ್ಕೆ ಮತ್ತು ಎರಡು ತುದಿಗೆ ಸರಿಯಾಗಿ ಕೂರುವ ಬಿಲ್ಲೆಗಳನ್ನು ಲೇತ್‌ನಲ್ಲಿ ತಿರುವಿಸಿ, ನಡುವೆ ಸಲಾಕೆ ಹೋಗುವಷ್ಟೇ ತೂತು. ಸಲಾಕೆಯನ್ನು ಈ ತುದಿಯಿಂದ ಆ ತುದಿಗೆ ತೂರಿಸಿದಾಗ ಎರಡು ಬೆರಳಲ್ಲಿ ತಿರುಗಬೇಕು. ಗಡಿಯಾರದ 12, 6, 3, 9ರ ಜಾಗದಲ್ಲಿ ಟ್ಯಾಕ್ ಹಾಕಿ, ತಿರುಗಿಸಿ ನೋಡಿ. ಆಮೇಲೆ ಒಂದೊಂದು ಇಂಚಿನ ಬೆಸುಗೆ, ಎದುರುಬದುರು, ಪ್ರತಿ ಸಲ ತಿರುಗಿಸಿ ನೋಡಿ. ಸಲಾಕೆ ಬಿಗಿಯಾಯಿತಾ? ನಿಲ್ಲಿಸಿ. ಬೆಸುಗೆ ಆರುವಾಗ ಟ್ಯೂಬನ್ನು ತನ್ನ ಕಡೆಗೆ ಎಳೆಯುತ್ತದೆ, ಹಾಗಾಗಿ ಮುಂದಿನ ಹೊಲಿಗೆ ಎದುರು ಬದಿಗೆ ಹಾಕಬೇಕು. ಒಂದೇ ಸುತ್ತಿನಲ್ಲಿ ಮುಗಿಸುವ ಆತುರವೇ ಎಲ್ಲ ಹಾಳು ಮಾಡುವುದು. ಇದಕ್ಕೆ ಒಂದು ಇಡೀ ಮಧ್ಯಾಹ್ನ ಹಿಡಿಯಲಿ, ಬಿಡಿ.

ವೆಲ್ಡಿಂಗ್ ರಾಡ್ 7018 ಬಳಸಿ, ಅದು ಒಣಗಿರಬೇಕು. ಆಷಾಢದ ಜಿಟಿಜಿಟಿ ಮಳೆಯಲ್ಲಿ ಬಾಯಿ ತೆರೆದ ಡಬ್ಬಿಯಲ್ಲಿಟ್ಟ ರಾಡ್ ತೇವ ಹೀರಿಕೊಂಡಿರುತ್ತದೆ, ಅದರಲ್ಲಿ ಹಾಕಿದ ಬೆಸುಗೆ ಒಳಗೊಳಗೇ ಸೀಳುತ್ತದೆ. ಓವನ್‌ನಲ್ಲಿ ಕಾಯಿಸಿಯೇ ಬಳಸಲು ಹೇಳಿ. ಸಿ ತುದಿ ದಪ್ಪ ಇರುವುದರಿಂದ ಮೊದಲು ಟಾರ್ಚ್‌ನಲ್ಲಿ ಬೆಚ್ಚಗೆ ಮಾಡಿ, ಆಮೇಲೆ ಒಣ ಬೂದಿಯಲ್ಲಿ ಮುಚ್ಚಿ ನಿಧಾನ ಆರಲು ಬಿಡಿ. ನೀರು ಹಾಕಿ ಆರಿಸಬೇಡಿ. ಅರ್ಥ್ ಕ್ಲಾಂಪ್ ಬೆಸೆಯುವ ಜಾಗದ ಪಕ್ಕದಲ್ಲೇ ಇರಲಿ. ದೂರ ಹಾಕಿದರೆ ಕರೆಂಟ್ ಬೇರಿಂಗ್ ಮೂಲಕ ಹಾದು ಅದನ್ನು ಸುಡುತ್ತದೆ, ಹಾಗಾಗಿ ಬೇರಿಂಗ್, ಸೀಲ್ ಎಲ್ಲ ಬಿಚ್ಚಿಟ್ಟೇ ಕೆಲಸ. ಚಾಸಿಗೆ ಹ್ಯಾಂಗರ್ ಬೆಸೆಯುವಾಗ ಬ್ಯಾಟರಿ ಮತ್ತು ಇಸಿಯು (ಎಂಜಿನ್ ಕಂಪ್ಯೂಟರ್) ಕನೆಕ್ಟರ್ ತೆಗೆದಿಡಿ. ಎಲ್ಲ ಆದಮೇಲೆ ಡೈ ಪೆನೆಟ್ರೆಂಟ್ ಸ್ಪ್ರೇ ಹೊಡೆದು ನೋಡಿ. ಕೆಂಪು ಬಣ್ಣ ಹೊಡೆದು, ಒರೆಸಿ, ಬಿಳಿ ಹೊಡೆದರೆ ಕೂದಲೆಳೆಯ ಸೀಳೂ ಕೆಂಪು ಗೆರೆಯಾಗಿ ಎದ್ದು ಕಾಣುತ್ತದೆ.

ಇದೆಲ್ಲ ಟ್ಯೂಬ್ ಇರುವ 4x4 ಆಕ್ಸಲ್‌ಗೆ ಮಾತ್ರ. ಲಾರಿಯ ಮುಂದೆ ಇರುವ ಐ ಬೀಮ್ ಆಕ್ಸಲ್‌ಗೆ ಕಟರ್, ವೆಲ್ಡ್, ಬೆಂಕಿ ಯಾವುದೂ ತಾಗಬಾರದು. ಅದು ಬಡಿದು ಮಾಡಿ, ಹೀಟ್ ಟ್ರೀಟ್ ಮಾಡಿದ ಉಕ್ಕು. ಲಾರಿ ಇಟ್ಟುಕೊಂಡ ಓದುಗರು ಇದನ್ನು ಓದಿ ಅಲ್ಲಿ ಪ್ರಯೋಗ ಮಾಡಬಾರದು.

ಎರಡು ಗಾಲಿಗಳನ್ನು ಜೋಡಿಸುವ ಟೈ ರಾಡ್ ಕೂಡ 80 ಗಿಡ್ಡ ಆಗಬೇಕು. ಬೆಸೆಯಬೇಡಿ, ಬಲ-ಎಡ ಮರೆ (ಥ್ರೆಡ್) ಇರುವ ಹೊಸ ರಾಡ್ ಮಾಡಿಸಿ. ಸ್ಟೀರಿಂಗ್ ಆರ್ಮ್‌ಗಳ ಕೋನ ಸ್ವಲ್ಪ ಬದಲಾಗುತ್ತದೆ. ಕಿಂಗ್ ಪಿನ್‌ಗಳ ನಡುವೆ 1300 ಇದ್ದದ್ದು 1220 ಆಗುತ್ತದೆ, ಶೇಕಡಾ 6ರಷ್ಟು. ಅಷ್ಟಕ್ಕೆ ಆರ್ಮ್ ಕಾಯಿಸಿ ಬಗ್ಗಿಸುವುದು ಬೇಡ. ಡ್ರ್ಯಾಗ್ ಲಿಂಕ್ (ಸ್ಟೀರಿಂಗ್ ಬಾಕ್ಸಿನಿಂದ ಗಾಲಿ ಕಡೆ ಬರುವ ರಾಡ್) ಮಾತ್ರ ಆದಷ್ಟು ಉದ್ದ, ಆದಷ್ಟು ನೆಲಕ್ಕೆ ಸಮ ಇರಲಿ. ಓರೆ ಜಾಸ್ತಿಯಾದರೆ ಪ್ರತಿ ಗುಂಡಿಗೂ ಸ್ಟೀರಿಂಗ್ ತಾನೇ ತಿರುಗುತ್ತದೆ. ಬ್ರೇಕ್ ಹೋಸ್ ಉದ್ದದ್ದು ಹಾಕಿಸಿ.

ಕಾನೂನಿನ ಮಾತು ಹೇಳದೆ ಬಿಡಲಾಗುವುದಿಲ್ಲ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್‌ನಲ್ಲಿ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಇದೆ. ಅಪಘಾತ ಆದರೆ ವಿಮೆಯವರು ಮೊದಲು ನೋಡುವುದೂ ಇದನ್ನೇ. ಹಾಗಾಗಿ ಕೆಲಸಕ್ಕೆ ಕೈ ಹಾಕುವ ಮೊದಲೇ ಗದಗ ಆರ್‌ಟಿಒ ಕಚೇರಿಗೆ ಹೋಗಿ ಬರಹದಲ್ಲಿ ಕೇಳಿ. ಒಪ್ಪಿಗೆ ಸಿಗದಿದ್ದರೆ ಈ ಗಾಡಿಯನ್ನು ನಿಮ್ಮ ಹೊಲದ ಬೇಲಿಯೊಳಗೇ ಇಟ್ಟುಕೊಳ್ಳಿ, ಮುಂಡರಗಿ ಸಂತೆಗೂ ಒಯ್ಯಬೇಡಿ.

ಇನ್ನೊಂದು ಮಾತು. ಬೂಟ್ ಹರಿಯುತ್ತದೆ, ಬಾಲ್ ಜಾಯಿಂಟ್ ಹೋಗುತ್ತದೆ ಅನ್ನುವುದೊಂದೇ ನಿಮ್ಮ ತೊಂದರೆಯಾದರೆ, ಟಾರ್ಷನ್ ಬಾರ್ ಜಾಸ್ತಿ ಬಿಗಿ ಮಾಡಿ ಗಾಡಿ ಎತ್ತರಿಸಿದ್ದೀರಾ ನೋಡಿ. ಎತ್ತರಿಸಿದಾಗ ಸಿವಿ ಜಾಯಿಂಟ್ ಸದಾ ಓರೆಯಲ್ಲೇ ತಿರುಗುತ್ತದೆ, ಬೂಟ್ ಹರಿಯುವುದು ಅದಕ್ಕೇ. ಫ್ಯಾಕ್ಟರಿ ಎತ್ತರಕ್ಕೆ ಇಳಿಸಿ ಒಂದು ಮಳೆಗಾಲ ಓಡಿಸಿ ನೋಡಿದರೆ ಖರ್ಚು ಏನೂ ಇಲ್ಲ. ಗಟ್ಟಿ ಆಕ್ಸಲ್‌ನಲ್ಲಿ ಡಿಫ್ ಉಂಡೆ ಸದಾ ಕೆಳಗೇ ನೇತಾಡುತ್ತದೆ, ಹಸಿ ಎರೆಯಲ್ಲಿ ಅದು ನೇಗಿಲಿನಂತೆ ಮಣ್ಣು ಎಳೆಯುತ್ತದೆ ಅನ್ನುವುದೂ ತಲೆಯಲ್ಲಿರಲಿ. ಕಲ್ಲು, ಗುಂಡಿ, ಇಳಿಜಾರು ಜಾಸ್ತಿ ಇದ್ದರೆ ಮಾತ್ರ ಇಷ್ಟು ಖರ್ಚಿಗೆ ಅರ್ಥ ಇದೆ.

ಮಾಡಿಸುವುದೇ ಆದರೆ, ಮೊದಲು ಆಕ್ಸಲ್ ಕತ್ತರಿಸದೆ ಹಾಗೇ ಗಾಡಿಯ ಕೆಳಗೆ ಜ್ಯಾಕ್ ಮೇಲೆ ಇಟ್ಟು, ಹಾಕಬೇಕಾದ ರಿಮ್-ಟೈರನ್ನೇ ಬಲಗಡೆ ಕಟ್ಟಿ, ಓಳಂಬ ಬಿಟ್ಟು ಚಾಸಿ ಸೆಂಟರ್‌ನಿಂದ ಅಳೆಯಿರಿ. ಬಲ ಪ್ಯಾಡ್ 370ಕ್ಕೆ ಬಂದು ಚಾಸಿ ಪಟ್ಟಿಯ ಕೆಳಗೆ ನಿಂತು, ಡಿಫ್ ಸಂಪ್‌ಗೆ ತಾಗದೆ, ಟೈರ್ ಎರಡೂ ಕಡೆ ಪೂರ್ತಿ ತಿರುಗಿದರೆ ಲೆಕ್ಕ ಸರಿ. ಆಮೇಲೆ ಎಡಗಡೆಯ ಉದ್ದದ ಶಾಫ್ಟ್ ಹೊರಗೆ ತೆಗೆದು ಅದರ ಉದ್ದ, ಹಲ್ಲಿನ ಎಣಿಕೆ, ಹಲ್ಲಿನ ಹಿಂದಿನ ದಪ್ಪ, ಮತ್ತು ಟ್ರಾನ್ಸ್‌ಫರ್ ಕೇಸ್ ಔಟ್‌ಪುಟ್ ಯಾವ ಕಡೆ ಇದೆ ಅಂತ ಬರೆದು ಕಳಿಸಿ. ಯಾವ ಶಾಫ್ಟ್ ಹುಡುಕಬೇಕು ಅಂತ ಹೇಳುತ್ತೇನೆ. ಅಲ್ಲಿಯವರೆಗೆ ಕಟರ್ ಗೂಡಿನಲ್ಲೇ ಇರಲಿ.